ಬಳೆ ಹೆಚ್ಚುವ ಮನೆ

ಅವರ ಬಲಗೈ ಹೆಬ್ಬೆರಳು ಕುಡಗೋಲಿನ ತುದಿಯ ಹಾಗೆ ಹಿಂದಕ್ಕೆ ಬಾಗಿತ್ತು. ನಲವತ್ತು ವರ್ಷ ಹೆಂಗಸರ ಕೈಯ ಗೆಣ್ಣು ಒತ್ತಿ ಒತ್ತಿ ಹಾಗಾಗಿದ್ದು. ಉಳಿದ ಬೆರಳುಗಳ ತುಂಬ ಗಾಜು ಕೊಯ್ದ ಸಣ್ಣ ಸಣ್ಣ ಬಿಳಿ ಗೀರು. ನೋಡಿದರೆ ಒರಟು ಕೈ, ಮುಟ್ಟಿದರೆ ಬೆಣ್ಣೆ ಹಚ್ಚಿಕೊಂಡಂತೆ ಮೆತ್ತಗೆ. ಆ ಕೈಯಲ್ಲಿ ಕೈ ಕೊಟ್ಟು ಕೂತರೆ ಬಳೆ ಯಾವಾಗ ಗೆಣ್ಣು ದಾಟಿತು ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

ನಾನು ಅವರಿಗೆ ಬಳೆ ಮಾಮಾ ಅನ್ನುತ್ತಿದ್ದೆ. ಕೊಪ್ಪಳದ ಮುಸಲ್ಮಾನರು. ಬಳೆಗಳನ್ನು ಹಗ್ಗಕ್ಕೆ ಸಾಲಾಗಿ ಪೋಣಿಸಿದ ಮಲಾರ ಹೆಗಲ ಮೇಲೆ, ಅದಕ್ಕೆ ಹೊದಿಸಿದ ಬಿಳಿ ದುಪ್ಪಟಿ, ತಲೆಗೊಂದು ಹಸಿರು ರುಮಾಲು. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ನಮ್ಮ ಬೇವೂರಿಗೆ ಬರುವರು. ನಮ್ಮವ್ವ ಅವರನ್ನು ಅಣ್ಣಾ ಅಂತ ಕರೆಯುತ್ತಿದ್ದಳಂತೆ. ಅದಕ್ಕೆ ನನಗೆ ಮಾಮಾ.

ಇಷ್ಟು ವರ್ಷದ ಮೇಲೆ ಈಗ ಯಾಕೆ ಬರೆಯುತ್ತಿದ್ದೀನಿ ಅಂದರೆ, ನನ್ನ ಮೊಮ್ಮಗಳು ಜರ್ಮನಿಗೆ ಹೋಗಿದ್ದಾಳೆ. ಮಣ್ಣಿನ ವಿಷಯ ಓದುತ್ತಾಳಂತೆ. ನನಗೆ ಸಂತೋಷ ತಡೆಯಾಕ ಆಗವಲ್ದು. ಹಾಲು ಹಾಕುವವನಿಗೂ ಹೇಳಿದೆ, ಕರೆಂಟ್ ಬಿಲ್ಲು ಕೊಡುವವನಿಗೂ ಹೇಳಿದೆ. "ಸಾಕು ಬಿಡಬೇ ಯವ್ವಾ, ಊರೆಲ್ಲ ಗೊತ್ತಾತು" ಅಂದ ನನ್ನ ಮಗ. ನನಗೆ ಸಾಕಾಗಿಲ್ಲ, ಬರೆಯಲು ಕೂತೆ. ನಾನು ಕಲಿತದ್ದು ಐದನೇತ್ತೆ ಅರ್ಧ. ಕಾಗುಣಿತ ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಅಲ್ಲಿಗೆ ಹೋಗಿ ಒಂದು ವಾರಕ್ಕೆ ಆಕೆ ಫೋನ್ ಮಾಡಿದಳು. "ಅಜ್ಜಿ, ಇರಾಕ ಎರಡು ಮನಿ ನೋಡೀನಿ. ಯಾವುದು ಹಿಡೀಲಿ?" ಅಂದಳು. ಅವರಪ್ಪನನ್ನು ಕೇಳಲಿಲ್ಲ, ನನ್ನನ್ನು ಕೇಳಿದಳು. ನನಗೆ ಜರ್ಮನಿ ಗೊತ್ತಿಲ್ಲ. ಆದರೆ ಪರದೇಶದಲ್ಲಿ ಓದುವ ಹುಡುಗಿಗೆ ಮನೆ ಹೇಗೆ ಹುಡುಕಬೇಕು ಅನ್ನುವುದು ಗೊತ್ತು. ನನಗೆ ಹುಡುಕಿಕೊಟ್ಟವರು ಬಳೆ ಮಾಮಾ.

ನನಗೆ ಮೂರು ವರ್ಷ ಇದ್ದಾಗ ನಮ್ಮವ್ವ ತೀರಿಕೊಂಡಳು. ಮನೆಯಲ್ಲಿ ನಮ್ಮಪ್ಪ ಮತ್ತು ನಾನು, ಇಬ್ಬರೇ. ಹೆಂಗಸರು ಹೆಂಗಸರಿಂದ ಕಲಿಯುವ ಎಷ್ಟೋ ಮಾತು ನಾನು ಕಲಿತದ್ದು ಮಾಮಾನಿಂದ. ಆರು ವರ್ಷದವಳಿದ್ದಾಗ ಓಡಿಹೋಗಿ "ಮಾಮಾ, ನನ್ನ ಬಳಿ ಒಡದ್ವು" ಅಂದೆ. ಅವರು ತುಟಿಯ ಮೇಲೆ ಬೆರಳಿಟ್ಟರು.

"ಹಂಗ ಅನಬಾರದವ್ವಾ. ಒಡೀತು ಅನ್ನೂದು ಗಡಿಗಿಗೆ. ಬಳಿ ಹೆಚ್ಚತಾವು. 'ಹೆಚ್ಚಿದವು ಮಾಮಾ' ಅನಬೇಕು."

"ಕಡಿಮಿ ಆಗ್ಯಾವಲ್ಲ ಮಾಮಾ, ಹೆಚ್ಚಿದವು ಅಂತ ಹೆಂಗ ಅನ್ನೂದು?"

"ಹೆಚ್ಚಿದವು ಅಂದ್ರ ನಾ ಮತ್ತ ಬರ್ತೀನಿ. ನಾ ಬಂದ್ರ ಹೆಚ್ಚಾಗ್ತಾವಿಲ್ಲೋ?"

ನಮ್ಮಪ್ಪ ಆಗ ಹೊರಗೆ ಎತ್ತಿಗೆ ಮೇವು ಹಾಕುತ್ತಿದ್ದ. ಬಳೆ, ಕುಂಕುಮದ ಮಾತು ಬಂದರೆ ಅವನ ಕಿವಿ ತಾನೇ ಮುಚ್ಚಿಕೊಳ್ಳುತ್ತಿತ್ತು.

ಮಾಮಾ ಮಲಾರ ಇಳಿಸಿದರೆ ಮೊದಲು ಒಂದು ತಂಬಿಗೆ ನೀರು ಕುಡಿಯುವರು. ಆಮೇಲೆ ಕೈ ಒರೆಸಿಕೊಂಡು "ಬರ್ರಿ ನಮ್ಮವ್ವಾರ" ಅನ್ನುವರು. ಕೈ ಹಿಡಿದ ಮೇಲೆ ಒಂದೇ ಸಮನೆ ಮಾತು. ಮಾತಾಡಿಸಿದರೆ ಕೈ ಸಡಿಲಾಗುತ್ತದೆ, ಬಳೆ ಸಲೀಸಾಗಿ ಏರುತ್ತದೆ ಅಂತ. ಮಳೆಯ ಮಾತು, ಎಮ್ಮೆಯ ಮಾತು, ತಮ್ಮ ಹೆಂಡತಿ ತಮ್ಮನ್ನು ಬೈದ ಮಾತು. ಆದರೆ ಬೇರೆ ಮನೆಯ ಮಾತು ಮಾತ್ರ ಇಲ್ಲ. ಓಣಿಯ ಹೆಂಗಸರು ಕೆದಕಿ ಕೇಳುತ್ತಿದ್ದರು: "ಯಲಬುರ್ಗಿ ಆ ದೊಡ್ಡ ಮನ್ಯಾಗ ಏನ ಸುದ್ದಿ, ನಿಮಗ ಗೊತ್ತಿರ್ತೈತಲ್ಲ?"

"ಗೊತ್ತೈತಿ. ಹೇಳಾಂಗಿಲ್ಲ. ಒಂದ ಮನಿ ಮಾತು ಇನ್ನೊಂದ ಮನಿಗೆ ಒಯ್ದ್ರ ನನ್ನ ಮಲಾರ ಯಾರೂ ಬಿಚ್ಚಸೂದಿಲ್ಲ" ಅನ್ನುವರು. ಬೇರೆ ಗಂಡಸರು ಕಾಲಿಡದ ಒಳಪಡಸಾಲೆಗೆ ಅವರನ್ನು ಬಿಡುತ್ತಿದ್ದದ್ದೇ ಈ ಮಾತಿನ ಮೇಲೆ. ಅವರ ಅನ್ನ ಅದರಲ್ಲಿತ್ತು.

ನಾನು ಊರ ಮಕ್ಕಳಿಗೆ ಪಾಠ ಹೇಳುತ್ತಿದ್ದ ಐಗಳ ಹತ್ತಿರ ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದಿ ಓದಲು ಕಲಿತಿದ್ದೆ. ನಮ್ಮಪ್ಪನಿಗೆ ಅದರ ಮೇಲೆ ಭಾಳ ಹೆಮ್ಮೆ. ಮುಂದೆ ಓದಿಸಬೇಕು ಅಂತ ಆಸೆ. ನಮ್ಮ ಸೀಮೆ ನಿಜಾಮರದು, ಅವರ ಸರಕಾರಿ ಶಾಲೆಯಲ್ಲಿ ಉರ್ದು. ಗದಗಿನಲ್ಲಿ ಹೆಣ್ಣುಮಕ್ಕಳ ಕನ್ನಡ ಸಾಲಿ ಐತಿ ಅಂತ ಹೇಳಿದವರು ಬಳೆ ಮಾಮಾನೇ. ಮಾಲು ತರಲು ಅಲ್ಲಿಗೆ ಹೋಗಿ ಬರುತ್ತಿದ್ದರು. ಆದರೆ ಗದಗು ಆಗ ನಮಗೆ ಪರದೇಶ. ಅದು ಇಂಗ್ರೇಜರ ಸೀಮೆ. ಅಲ್ಲಿ ರೊಕ್ಕವೇ ಬೇರೆ, ನಡುವೆ ಸುಂಕದ ನಾಕಾ.

ಊರಲ್ಲೇ ಇದ್ದ ನಮ್ಮ ಸೋದರತ್ತೆಗೆ ನನ್ನನ್ನು ತನ್ನ ಕಿರಿಯ ಮಗನಿಗೆ ತಂದುಕೊಳ್ಳಬೇಕು ಅಂತಿತ್ತು. ಬಾಗಿಲಲ್ಲಿ ನಿಂತು ಅಪ್ಪನಿಗೆ ಕೇಳಿದಳು: "ಹೆಣ್ಣು ಕೂಸಿನ ಕೈಯಾಗ ಪಾಟಿ ಕೊಟ್ಟು ಪರರಾಜ್ಯಾಕ ಕಳಸ್ತಿ. ಕಳಸು. ಯಾರ ಮನ್ಯಾಗ ಮಲಗ್ತೈತಿ ಅದು? ಅದನ್ನಷ್ಟ ಹೇಳು."

ಅಪ್ಪ ಹೆಗಲ ಮೇಲಿನ ವಸ್ತ್ರ ಕೊಡವಿದ. ಕಡೆಗೆ ಅಂದ: "ಛಲೋ ಮನಿ ಸಿಕ್ಕರ ಸಾಲಿ. ಮಿರಗದ ಮಳಿ ಬೀಳೂದ್ರಾಗ ಸಿಗಲಿಲ್ಲ ಅಂದ್ರ ನಿನ್ನ ಮಗನಿಗೆ ಕೊಡ್ತೀನಿ, ಮುಗೀತು."

ಮಿರಗಕ್ಕೆ, ಅಂದರೆ ಮೃಗಶಿರೆ ಮಳೆಗೆ, ಹದಿನೈದು ದಿನ ಇತ್ತು. ನನಗೆ ಆಗ ಹನ್ನೊಂದು ವರ್ಷ. ಲಡಾಯಿ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ.

ಚಕ್ಕಡಿಯಲ್ಲಿ ಕೊಪ್ಪಳಕ್ಕೆ ಬಂದು, ಟೇಶನ್ನಿನಲ್ಲಿ ಕಾಯುತ್ತಿದ್ದ ಮಾಮಾನನ್ನು ಕೂಡಿಕೊಂಡು ರೈಲು ಹತ್ತಿದೆವು. ನಿಜಾಮರ ಸೀಮೆ ಮುಗಿಯುವಲ್ಲಿ ಕರೋಡಗಿರಿಯವರು, ಅಂದರೆ ಸುಂಕದವರು, ಗಾಡಿಯೊಳಗೆ ಬಂದು ಗಂಟು ಬಿಚ್ಚಿಸಿದರು. ಒಬ್ಬ ಮಲಾರಕ್ಕೆ ಕೈ ಹಾಕಿದ. "ಹಗೂರ್ಕ ಸಾಹೇಬ್ರ. ಇಲ್ಲಿ ಹೆಚ್ಚಿದ್ರ ನಿಮ್ಮ ಮನಿಯವರ ಕೈಗೆ ಕಡಿಮಿ ಬೀಳ್ತಾವು" ಅಂದರು ಮಾಮಾ. ಸುಂಕದವನು ನಕ್ಕು ಕೈ ತೆಗೆದ. ನಮ್ಮಪ್ಪನೂ ನಕ್ಕ. ಏನು ತಿಳಿದು ನಕ್ಕನೋ.

ಗದಗಿನಲ್ಲಿ ಮೊದಲು ಹೋದದ್ದು ದೂರದ ಬಳಗದವರ ಮನೆಗೆ. ಕಲ್ಲಿನ ಮನೆ, ಅಂಗಳದಲ್ಲೇ ಬಾವಿ, ಬೆಳಗಿದ ಹಿತ್ತಾಳೆ ಕೊಡಗಳ ಸಾಲು. ಶಾಲೆ ಎರಡು ಓಣಿ ಆಚೆ. ಮನೆಯ ಯಜಮಾನಿ ಅವಲಕ್ಕಿ ಕೊಟ್ಟು, "ನಮ್ಮ ಮಗಳ ಹಂಗ ಇರ್ತಾಳ ಬಿಡ್ರಿ" ಅಂದಳು. ಅಪ್ಪನ ಮುಖ ಅರಳಿತು. ಅಷ್ಟರಲ್ಲಿ ಆಕೆ ಮಾಮಾನ ಕಡೆ ತಿರುಗಿದಳು.

"ಹೇಳಿ ಕಳಸಿದಂಗ ಬಂದಿ ನೋಡು. ಉಗಾದಿಗೆ ಇಟ್ಟು ಹೋಗಿದ್ದಿ, ಸಣ್ಣ ಸೊಸಿ ಕೈಯಾಗ ಎಲ್ಲಾ ಹೆಚ್ಯಾವ. ನಮ್ಮ ಮನ್ಯಾಗ ಬಳಿ ಹೆಚ್ಚಿದಂಗ ಎಲ್ಲೂ ಹೆಚ್ಚೂದಿಲ್ಲ ಏನೋಪಾ."

ಅಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಕೇಳಿದೇನು? ಬಳಿ ಹೆಚ್ಚೂ ಮನಿ ಅಂತ. ಲಕ್ಷ್ಮಿ ಕಾಲು ಮುರಕೊಂಡು ಬಿದ್ದಾಳ ಇಲ್ಲಿ."

ನನಗೆ ನಗು ಬಂತು. ಆಗ ಸಣ್ಣ ಸೊಸೆ ಹೊರಗೆ ಬಂದಳು, ನಗು ನಿಂತಿತು.

ಸೆರಗು ಹಣೆಯ ತನಕ ಎಳೆದುಕೊಂಡಿದ್ದಳು. ಮಾಮಾನ ಮುಂದೆ ಕೂತು ಎರಡೂ ಕೈ ಚಾಚಿದಳು. ಮಣಿಕಟ್ಟಿನ ಸುತ್ತ ಗೀರು. ಕೆಲವು ಹಳೆಯವು, ಕೆಲವು ಇನ್ನೂ ಕೆಂಪಗೆ. ನಾನು ಮಗ್ಗುಲಲ್ಲೇ ಕೂತಿದ್ದೆ. ಅವತ್ತು ಮಾಮಾ ಮಳೆಯ ಮಾತು ಆಡಲಿಲ್ಲ, ಎಮ್ಮೆಯ ಮಾತೂ ಆಡಲಿಲ್ಲ. ಹಗ್ಗದ ಮೇಲೆ ಬೆರಳಾಡಿಸಿ ಒಂದು ಅಳತೆ ದೊಡ್ಡ ಬಳೆ ತೆಗೆದರು.

"ಸಡಲ ಕಾಣ್ತಾವಲ್ಲೋ" ಅಂದಳು ಯಜಮಾನಿ.

"ಕೈ ಬಾತಾವ್ರೀ ಅಮ್ಮಾರ. ಬಿಗಿವು ಏರೂದಿಲ್ಲ."

ಸೊಸೆ ಒಂದು ಸಲ ಕಣ್ಣೆತ್ತಿ ಮಾಮಾನನ್ನು ನೋಡಿದಳು, ಅಷ್ಟೇ. ಅದು ಯಾಕೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಯಾರಾದರೂ ಕೈ ಹಿಡಿದು ಎಳೆದರೆ ಸಡಿಲ ಬಳೆ ಜಾರಿ ಬರುತ್ತವೆ. ಬಿಗಿ ಬಳೆ ಮಾಂಸಕ್ಕೆ ಇಳಿಯುತ್ತವೆ.

ಹೊರಗೆ ಬಂದ ಮೇಲೆ ಅಪ್ಪ, "ಆತು. ಇದ ಮನಿ. ನಾಳಿ ಸಾಲ್ಯಾಗ ಹೆಸರು ಹಚ್ಚಿ ಊರಿಗೆ ಹೋಗ್ತೀನಿ, ಬಿತ್ತಿಗಿ ಕೆಲಸ ಐತಿ" ಅಂದ. ಮಾಮಾ ಒಂದು ಬೇವಿನ ಗಿಡದ ಕೆಳಗೆ ನಿಂತುಬಿಟ್ಟರು. ರುಮಾಲು ಬಿಚ್ಚಿದರು, ಸುತ್ತಿದರು, ಮತ್ತೆ ಬಿಚ್ಚಿದರು.

"ಯಜಮಾನ್ರ, ಅದು ನನ್ನ ಭಾಳ ಛಲೋ ಗಿರಾಕಿ ಮನಿ ಐತ್ರಿ."

"ಮತ್ತಿನ್ನೇನು ಬೇಕು?"

"ನನ್ನ ಛಲೋ ಗಿರಾಕಿ ಮನ್ಯಾಗ ನಿಮ್ಮ ಮಗಳ್ನ ಇಡಬ್ಯಾಡ್ರಿ."

ಅಪ್ಪ ಬಾಯಿ ತೆರೆದು ನಿಂತ. "ಆಕಿ ತನ್ನ ಬಾಯಿಲೇ ಹೇಳಿದ್ಲಲ್ಲ ಮಾರಾಯಾ, ಬಳಿ ಹೆಚ್ಚೂ ಮನಿ ಅಂತ?"

ಮಾಮಾ ನನ್ನ ಕಡೆ ನೋಡಿದರು. "ನೀ ಹೇಳವ್ವಾ ನಿಮ್ಮಪ್ಪಗ. ನಾ ಹೇಳಾಂಗಿಲ್ಲ."

"ಅಪ್ಪಾ, ಹೆಚ್ಚತಾವು ಅಂದ್ರ ಒಡೀತಾವು ಅಂತ" ಅಂದೆ ನಾನು.

ಅಪ್ಪ ಆ ಮನೆಯ ಕಡೆ ತಿರುಗಿ ನೋಡಿದ. ಉಗಾದಿಯಿಂದ ಎಷ್ಟು ದಿನ ಆಯಿತು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದನೇನೋ. ಗಿಡದ ಬುಡದ ಕಲ್ಲಿನ ಮೇಲೆ ಕೂತುಕೊಂಡ. "ನಿಮ್ಮವ್ವ ಇದ್ದಿದ್ರ ಇದು ನನಗ ಗೊತ್ತಿರ್ತಿತ್ತು" ಅಂದ. ನನಗೆ ಹೇಳಿದನೋ, ತನಗೇ ಹೇಳಿಕೊಂಡನೋ.

ಮಾಮಾ ನಮ್ಮನ್ನು ಬೆಟಗೇರಿಗೆ ಕರೆದೊಯ್ದರು. ಅಲ್ಲಿ ನೇಕಾರರ ಒಂದು ಸಣ್ಣ ಮನೆ. ಒಳಗೆ ಕಾಲಿಟ್ಟರೆ ಮಗ್ಗ, ಮಗ್ಗ ಬಿಟ್ಟರೆ ಒಲೆ. ನಡುವೆ ಒಂದು ಚಾಪೆ ಹಾಸುವಷ್ಟು ಜಾಗ. ಒಬ್ಬ ಮುದುಕಿ ಬಾಗಿಲಲ್ಲಿ ಕೂತು ನೂಲು ಸುತ್ತುತ್ತಿದ್ದಳು. ಮಾಮಾನನ್ನು ಕಂಡವಳೇ ಕೈ ಬೀಸಿದಳು.

"ಮುಂದ ಹೋಗಪಾ. ಹ್ವಾದ ದೀಪಾವಳಿಗೆ ಇಟ್ಟವು ಇನ್ನೂ ಗಟ್ಟಿ ಅದಾವ."

"ನಿಮ್ಮಂಥಾರು ನಾಕು ಮನಿ ಇದ್ರ ನನ್ನ ಮಕ್ಕಳು ಉಪಾಸ ಬೀಳ್ತಾವು ನೋಡಬೇ."

ಒಳಗಿಂದ ಸೊಸೆ ಗೊಳ್ಳನೆ ನಕ್ಕಳು. "ಅತ್ತಿ, ಪಾಪ, ಒಂದೆರಡು ಹೆಚ್ಚಸ್ಕೊಳ್ಳೇನು ಅವರ ಸಲುವಾಗಿ?" ಅಂದಳು. ಮುದುಕಿ ನೂಲಿನ ಉಂಡೆ ಎತ್ತಿ ಆಕೆಯ ಕಡೆ ಒಗೆದಳು, ಅದೂ ನಗುತ್ತಲೇ.

ಅಪ್ಪನಿಗೆ ಮನಸ್ಸು ಒಪ್ಪುತ್ತಿರಲಿಲ್ಲ. ಜಾತಿ ಬೇರೆ, ಮನೆ ಸಣ್ಣದು, ದಿನವಿಡೀ ಕಟಕ್ ಕಟಕ್ ಸದ್ದು, ಶಾಲೆಯೂ ದೂರ. ಮಾಮಾ ಮಲಾರದ ಹಗ್ಗ ಬಿಗಿಯುತ್ತ ಕೂತರು. ಕಡೆಗೆ ಅಪ್ಪ ನನ್ನನ್ನೇ ಕೇಳಿದ: "ನೀ ಏನಂತಿ?"

ಅಲ್ಲಿಯ ತನಕ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. "ಇಲ್ಲಿ ಸೊಸಿ ನಗತಾಳಪ್ಪಾ" ಅಂದೆ.

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮುದುಕಿ ಕೊಟ್ಟ ನೀರು ಕುಡಿದ. ಅಷ್ಟಕ್ಕೆ ಮಾತು ಮುಗಿದಂತೆ. ಮೂರನೇ ದಿನ ಅವನು ಊರು ಮುಟ್ಟುವಷ್ಟರಲ್ಲಿ ಮಿರಗದ ಮಳೆ ಬಿತ್ತಂತೆ.

ಆ ಮನೆಯಲ್ಲಿ ಎರಡೂವರೆ ವರ್ಷ ಇದ್ದೆ. ಮಗ್ಗದ ಸದ್ದಿಗೆ ತಾಳ ಹಾಕಿ ಮಗ್ಗಿ ಬಾಯಿಪಾಠ ಮಾಡಿದೆ. ಈಗಲೂ ನನಗೆ ಹನ್ನೆರಡರ ಮಗ್ಗಿ ಸುಮ್ಮನೆ ಹೇಳಲು ಬರುವುದಿಲ್ಲ, ಕಾಲು ಬಡಿಯಬೇಕು. ಮುದುಕಿ ನೂಲು ಸುತ್ತುತ್ತ ನನ್ನ ಕೈಯಲ್ಲಿ ಪಾಠ ಓದಿಸುವಳು. ಪಾಠದೊಳಗಿನ ರಾಜ ತಪ್ಪು ಮಾಡಿದರೆ ಅವನಿಗೂ ಬೈಯುವಳು.

ಮಾಮಾ ಎರಡು ತಿಂಗಳಿಗೊಮ್ಮೆ ಬೇವೂರಿನ ಸುದ್ದಿ ತರುತ್ತಿದ್ದರು. ಕೂತವರು ಮೊದಲು "ಕೈ ತೋರ್ಸು" ಅನ್ನುವರು. ಒಂದೊಂದು ಕೈಗೆ ಆರು ಬಳೆ, ಎಲ್ಲ ಅವರೇ ಇಟ್ಟಿದ್ದು. ಎಣಿಸಿ ನೋಡಿ, ಆಮೇಲೆ ಸುದ್ದಿ. ಒಂದು ಸಲ ಎಡಗೈಯಲ್ಲಿ ನಾಲ್ಕೇ ಇದ್ದವು.

"ಎರಡು ಎಲ್ಲಿ ಹ್ವಾದವು?"

"ಬಾವಿ ಗಡಗಡಿಗೆ ಹತ್ತಿ ಹೆಚ್ಚಿದವು ಮಾಮಾ."

ಅವರ ಮುಖ ಹಾಗೆ ಗಟ್ಟಿಯಾದದ್ದನ್ನು ನಾನು ಅದೊಂದೇ ಸಲ ನೋಡಿದ್ದು. ಮುದುಕಿಯ ಕಡೆ ನೋಡಲಿಲ್ಲ, ಸೊಸೆಯನ್ನು ಕೇಳಲಿಲ್ಲ. ಎದ್ದು ನೆಟ್ಟಗೆ ಓಣಿಯ ಬಾವಿಗೆ ಹೋದರು. ನಾನು ಹಿಂದೆ ಓಡಿದೆ. ಕಟ್ಟೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಕೆಸರಿನಲ್ಲಿ ಆ ಬಾಗಿದ ಹೆಬ್ಬೆರಳಿಂದ ಕೆದಕಿ ಕೆದಕಿ ಹುಡುಕಿದರು. ನೀರು ಸೇದುವ ಹೆಂಗಸರು, "ಏನ ಕಳಕೊಂಡ್ರಿ ಬಳಿಗಾರ?" ಅಂತ ನಗುತ್ತಿದ್ದರು. ಕಡೆಗೆ ಒಂದು ಹಸಿರು ಚೂರು ಸಿಕ್ಕಿತು. ನನ್ನ ಕೈಯಲ್ಲಿದ್ದ ಬಳೆಗೆ ಹಿಡಿದು ನೋಡಿದರು. ಬಣ್ಣ ಕೂಡಿತು.

"ಖರೆ ಐತಿ" ಅಂದರು. ಆ ಚೂರನ್ನು ರುಮಾಲಿನ ತುದಿಗೆ ಕಟ್ಟಿಕೊಂಡರು. ವಾಪಸು ಬಂದು ಮುದುಕಿ ಕೊಟ್ಟ ಚಾ ಕುಡಿದು, ಹೋದ ಎರಡು ಬಳೆ ಇಟ್ಟು, ಕೊಸರಿಗೆ ಒಂದು ಹೆಚ್ಚು ಇಟ್ಟು ಹೋದರು. ಮುದುಕಿಗೆ ಎಲ್ಲ ತಿಳಿದಿತ್ತು. "ನಮ್ಮ ಮ್ಯಾಲೆ ಸಂಶೇ ಬಂತು ಅವಗ" ಅಂದಳು ಸೊಸೆಗೆ. "ಬರಲಿ ಬಿಡು. ನಮ್ಮ ಮಗಳಾಗಿದ್ರ ನಾವೂ ಬಾವಿಗೆ ಹೋಗ್ತಿದ್ದಿವಿ."

ಐದನೇತ್ತೆ ಅರ್ಧಕ್ಕೆ ಬಂದಾಗ ನಮ್ಮಪ್ಪನ ಕಣ್ಣು ಮಂಜಾಯಿತು. ನಾನು ಊರಿಗೆ ಬರಬೇಕಾಯಿತು. ಬರುವಾಗ ಮುದುಕಿಯೂ ಸೊಸೆಯೂ ಅತ್ತರು, ಮಗ್ಗ ಅವತ್ತು ಸುಮ್ಮನಿತ್ತು.

ನಾಲ್ಕು ವರ್ಷ ಕಳೆದ ಮೇಲೆ ಸೋದರತ್ತೆ ಮತ್ತೆ ತನ್ನ ಮಗನ ಮಾತು ತೆಗೆದಳು. ಆಕೆಯ ಮನೆಯಲ್ಲಿ ಆಗಲೇ ಒಬ್ಬ ಹಿರಿಯ ಸೊಸೆ ಇದ್ದಳು. ಅಪ್ಪ ಮಾಮಾ ಬರುವ ತನಕ ಕಾದ. ಬಂದಾಗ ನೀರು ಕೊಟ್ಟು ಕೇಳಿದ: "ನಮ್ಮ ಅಕ್ಕನ ಮನ್ಯಾಗ ನಿನ್ನ ವ್ಯಾಪಾರ ಹೆಂಗೈತಿ?"

"ಭಾಳ ಛಲೋ ಐತ್ರಿ" ಅಂದರು ಮಾಮಾ, ನೆಲ ನೋಡುತ್ತ.

ಈ ಸಲ ನಾನು ಏನೂ ಹೇಳಿಕೊಡಬೇಕಾಗಲಿಲ್ಲ. ಅಪ್ಪ, "ಹೂಂ" ಅಂದ. "ಮತ್ತ ವ್ಯಾಪಾರ ಇಲ್ಲದ ಮನಿ ಯಾವುದಾರ ಐತೇನು?" ಮಾಮಾ ಹಿಟ್ನಾಳದ ಒಂದು ಮನೆಯ ಮೇಲೆ ತಮ್ಮ ದೂರು ಶುರು ಮಾಡಿದರು. ಅಲ್ಲಿ ಮಲಾರ ಬಿಚ್ಚಿಸುತ್ತಾರೆ, ನೋಡುತ್ತಾರೆ, ನಗುತ್ತಾರೆ, ಕೊಳ್ಳುವುದಿಲ್ಲ, ಊಟ ಹಾಕಿ ಕಳಿಸುತ್ತಾರೆ. ಆ ಮನೆಗೆ ನನ್ನನ್ನು ಕೊಟ್ಟರು. ಅಲ್ಲಿ ನಾನು ಹೇಗೆ ಬಾಳಿದೆ ಅನ್ನುವುದಕ್ಕೆ ಬೇರೆ ಮಾತು ಬೇಡ. ಮಾಮಾ ನನ್ನಿಂದಲೂ ಏನೂ ಗಳಿಸಲಿಲ್ಲ.

ಮದುವೆಯಾದ ಮರುವರ್ಷ ಶ್ರಾವಣದಲ್ಲಿ ಮಲಾರ ಹೊತ್ತು ಬಂದದ್ದು ಒಬ್ಬ ಹೆಂಗಸು. ಅದೇ ಬಿಳಿ ದುಪ್ಪಟಿ. ಮಾಮಾನ ಹೆಂಡತಿ ಅಂತ ಗೊತ್ತಾಯಿತು. ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಕೈ ಒರೆಸಿಕೊಂಡರು.

"ಮಾಮಾ ಬರಲಿಲ್ಲೇನು ಮಾಮಿ?" ಅಂತ ಕೇಳುತ್ತ ಕೈ ಚಾಚಿದೆ. ನನ್ನ ಕೈ ಹಿಡಿದ ಅವರ ಕೈ ನೋಡಿದೆ. ಮಣಿಕಟ್ಟು ಬರಿದಾಗಿತ್ತು.

ಅವರು ತಲೆ ಎತ್ತಲಿಲ್ಲ. "ಹೆಚ್ಯಾರವ್ವಾ" ಅಂದರು.

ಮನುಷ್ಯರಿಗೆ ಆ ಮಾತನ್ನು ಯಾರೂ ಅನ್ನುವುದಿಲ್ಲ. ಬಾಯಿಗೆ ಬೇರೆ ಮಾತು ಬರಲಿಲ್ಲ ಅವರಿಗೆ. ನಾಲ್ಕು ದಿನದ ಜ್ವರವಂತೆ, ಅಷ್ಟೇ.

ಮಾಮಿ ನನ್ನ ಕೈ ಬಿಟ್ಟರು. ಹೊಸ ಮುತ್ತೈದೆಗೆ ಬರಿಗೈಯವರು ಬಳೆ ಇಡಬಹುದೋ ಇಲ್ಲವೋ ಅಂತ ಬಾಗಿಲ ಕಡೆ ನೋಡಿದರು. ಅಲ್ಲಿ ನಮ್ಮತ್ತೆ ನಿಂತಿದ್ದಳು. ಆ ಮನೆಯಲ್ಲಿ ಯಾರೂ ಅವತ್ತಿನ ತನಕ ಬೇಕು ಅಂತ ಬಳೆ ಕೊಂಡವರಲ್ಲ.

"ಕೈ ಕೊಡು" ಅಂದಳು ನಮ್ಮತ್ತೆ ನನಗೆ. "ಎರಡೂ ಕೈ ತುಂಬ ಇಡ್ರಿ ಆಕಿಗೆ. ಆಮ್ಯಾಲೆ ನನಗ."

ಮಾಮಿ ಹಗ್ಗದಿಂದ ಬಳೆ ಬಿಚ್ಚಿ ನೇರ ನನ್ನ ಅಳತೆಯವೇ ತೆಗೆದರು. ಹೇಗೆ ಗೊತ್ತು ಅಂತ ಕೇಳಿದೆ. "ಅವರು ಹೇಳಿ ಹೋಗ್ಯಾರ. ಊರಿಗೆ ಊರು, ಮನಿಗೆ ಮನಿ, ಎಲ್ಲಾರ ಅಳತಿ ಹೇಳಿದ್ರು. ಜ್ವರದಾಗ ಅದನ್ನ ಹೇಳ್ತಿದ್ರು." ಆ ಕೈ ಮಾಮಾನ ಕೈಯಷ್ಟು ಪಳಗಿರಲಿಲ್ಲ, ಗೆಣ್ಣಿನಲ್ಲಿ ನೋವಾಯಿತು. ಒಂದೂ ಹೆಚ್ಚಲಿಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಸಣ್ಣವಳಿದ್ದಾಗ ನೂರು ಸಲ ಹೇಳಿದ್ದೆ. ಅವತ್ತು ಫೋನಿನಲ್ಲಿ ಆಕೆ ಎರಡು ಮನೆ ಅಂದಾಗ, "ಅಲ್ಲಿ ಬಳಿ ಇಲ್ಲಲ್ಲವ್ವಾ, ಏನಂತ ನೋಡೂದು?" ಅಂದೆ ನಾನೇ ಸೋತು.

"ನೋಡೀನಿ ಅಜ್ಜಿ. ಒಂದು ಮನಿ ಭಾಳ ಚಂದ ಐತಿ, ಎಲ್ಲಾ ಹೊಸಾದು. ಆದ್ರ ಅಲ್ಲಿ ಬಾಡಿಗಿ ಇರಾಕ ಬಂದ ಹುಡುಗ್ಯಾರು ಮೂರು ತಿಂಗಳಿಗೊಮ್ಮೆ ಹೆಚ್ಚತಾರ, ಒಬ್ಬಾಕಿ ಬಿಟ್ಟು ಹೋಗಿ ಇನ್ನೊಬ್ಬಾಕಿ ಬರ್ತಾಳ. ಇನ್ನೊಂದು ಮನ್ಯಾಗ ಒಬ್ಬಾಕಿ ಮುದುಕಿ ಅದಾಳ. ಸಣ್ಣ ಖೋಲಿ. ಮೊದಲ ಇದ್ದಾಕಿ ನಾಕು ವರ್ಷ ಇದ್ಲಂತ, ಈಗೂ ಪತ್ರ ಬರೀತಾಳಂತ. ಪತ್ರಾ ಎಲ್ಲಾ ಅಡಗಿ ಮನಿ ಗ್ವಾಡಿಗೆ ಅಂಟಿಸ್ಯಾಳ."

"ಮತ್ತ ನನ್ನೇನ ಕೇಳ್ತಿ, ನೀ ಆರಿಸಿ ಮುಗಿಸಿಯಲ್ಲ."

"ನಿನ್ನ ಬಾಯಿಲೇ ಕೇಳಬೇಕಂತ" ಅಂದು ನಕ್ಕಳು. ಆ ಮುದುಕಿಯ ಮನೆಯಿಂದಲೇ ಮಾತಾಡುತ್ತಿದ್ದಳು, ಹಿಂದಿನಿಂದ ಇನ್ನೊಂದು ಮುದಿ ನಗು ಕೇಳಿಸಿತು. ಭಾಷೆ ತಿಳಿಯದಿದ್ದರೂ ನಗುವವರ ಜೊತೆ ನಗುವ ಹೆಂಗಸು. ನನ್ನ ಎದೆ ಹಗುರಾಯಿತು.

ನಿನ್ನೆ ಫೋನಿನಲ್ಲಿ ಮುಖ ಕಂಡಿತು. ಆ ಮನೆಗೆ ಹೋಗಿ ಎರಡು ತಿಂಗಳಾಯಿತು. ಜರ್ಮನಿಗೆ ಹೋಗುವಾಗ ನಾನೇ ಕೊಪ್ಪಳದಲ್ಲಿ ಕೈಗೆ ಆರರಂತೆ ಹಸಿರು ಬಳೆ ಇಡಿಸಿ ಕಳಿಸಿದ್ದೆ. ಊಟ ಕೇಳಲಿಲ್ಲ, ಚಳಿ ಕೇಳಲಿಲ್ಲ.

"ಮೊದಲ ಕೈ ತೋರ್ಸು" ಅಂದೆ.

ತೋರಿಸಿದಳು. ಕನ್ನಡಕ ಹಾಕಿಕೊಂಡು ಎಣಿಸಿದೆ. ಹನ್ನೆರಡೂ ಇದ್ದವು.